ಬೀಡಿ ಕಾರ್ಮಿಕರ ಕಲಿಕೆಗೆ ಹಣ ಬೇಕು

ಮಾನ್ಯರೇ,

ವಯಸ್ಕರ ಶಿಕ್ಷಣಕ್ಕೆ ಸಿಗುತ್ತಿರುವ ಅನುದಾನ ದುಡಿದು ಉಣ್ಣುವವರನ್ನು ತರಗತಿಗೆ ಕರೆತರಲು ಏನೇನೂ ಸಾಲದು. 2022–27ರ ನವ ಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ನಿಗದಿಯಾದದ್ದು 1,037.90 ಕೋಟಿ ರೂಪಾಯಿ, ಗುರಿ 5 ಕೋಟಿ ಕಲಿಕಾರ್ಥಿಗಳು. ತಲೆಗೆ ಸುಮಾರು 208 ರೂಪಾಯಿ! ಕಲಿಸುವವರೂ ಸ್ವಯಂಸೇವಕರೇ.

ಮಂಗಳೂರು, ಉಳ್ಳಾಲದ ಕಡೆ ಬೀಡಿ ಕಟ್ಟುವ ಮಹಿಳೆಯರಿಗೆ ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ. ಒಂದು ಗಂಟೆ ತರಗತಿಯಲ್ಲಿ ಕುಳಿತರೆ ಅಷ್ಟು ಕೂಲಿ ಖೋತಾ. ಅರ್ಧಕ್ಕೇ ಬಿಡುವುದು ಸೋಮಾರಿತನದಿಂದಲ್ಲ. ಅಕ್ಷರದ ತುರ್ತು ಇರುವುದೂ ಇವರಿಗೇ. ಕೊಟ್ಟ ಎಲೆ, ಹೊಗೆಸೊಪ್ಪಿನ ತೂಕ, ತಿರಸ್ಕೃತ ಬೀಡಿಯ ಕಡಿತ ಎಲ್ಲವೂ ಲೆಕ್ಕದ ಪುಸ್ತಕದಲ್ಲಿರುತ್ತದೆ. ಅದನ್ನು ಓದಲು ಬಾರದವರು ಪ್ರಶ್ನಿಸುವುದು ಹೇಗೆ?

ಆ ಪುಸ್ತಕದ ಅಂಕಣಗಳಿಂದಲೇ ಪಾಠ ಆರಂಭವಾಗಲಿ. ಬೀಡಿ ಒಪ್ಪಿಸುವ ದಿನ ಬ್ರಾಂಚ್ (ಬೀಡಿ ಸಂಗ್ರಹಿಸುವ ಕೇಂದ್ರ) ಸಮೀಪದ ಅಂಗನವಾಡಿಯಲ್ಲಿ ತರಗತಿ ನಡೆಸಿ, ಹಾಜರಾದವರಿಗೆ ತಪ್ಪಿದ ಕೂಲಿಯಷ್ಟು ಭತ್ಯೆಯನ್ನು ಜಿಲ್ಲಾ ಪಂಚಾಯಿತಿ ನೀಡಲಿ.

– ಓದುಗರು, ಮಂಗಳೂರು