ಕೌದಿ ಹೊಲ್ಯಾಕ ಟೈಮ್ ಟೇಬಲ್ ಬ್ಯಾಡ್ರಿ, ಕೂಡಾಕ ಒಂದು ಜಾಗ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ನಿಮ್ಮ ಪೇಪರಿನ ಮಹಿಳಾ ಪುಟ ನಾನು ತಪ್ಪದ ಓದಾಕಿ. ಅದರಾಗ ಆಗಾಗ ಒಂದು ನಮೂನಿ ಲೇಖನ ಬರ್ತಾವು, ನೌಕರಿ, ಮನಿ, ಮಕ್ಕಳು, ಅತ್ತಿ ಮಾವ, ಅದರ ಮ್ಯಾಲೆ ಒಂದು ಹವ್ಯಾಸ, ಇಷ್ಟೂ ಒಬ್ಬಾಕೀನ ಹೆಂಗ ನಿಭಾಯಿಸ್ತಾಳ ನೋಡ್ರಿ ಅಂತ. ಕೆಳಗ ಟಿಪ್ಸ್ ಇರ್ತಾವು. ನಸುಕಿನ್ಯಾಗ ನಾಲ್ಕಕ್ಕ ಏಳ್ರಿ, ಟೈಮ್ ಟೇಬಲ್ ಹಾಕ್ಕೊಳ್ರಿ, ಮೊಬೈಲ್ ಕಡಿಮಿ ಮಾಡ್ರಿ. ನಾನು ಕೊಪ್ಪಳ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಾಗ ಗಣಿತ ಟೀಚರ್ ಅದೀನಿ, ಕೌದಿ (ಹಳೇ ಅರಿವಿ ಪದರು ಪದರಾಗಿ ಕೂಡಿಸಿ ಹೊಲಿಯೋ ಹೊದಿಕಿ) ಹೊಲಿತೀನಿ, ಭಾನುವಾರ ನಮ್ಮ ಮನಿ ಮಾಳಿಗಿ ಮ್ಯಾಲೆ ಒಂದಿಷ್ಟು ಹೆಣ್ಮಕ್ಕಳಿಗೆ ಕಲಿಸ್ತೀನಿ. ನನಗೂ ಎಲ್ಲಾರೂ ಅದನ್ನ ಕೇಳ್ತಾರ, "ಅಕ್ಕೋರ, ಟೈಮ್ ಹೆಂಗರೀ ಸಿಗತೈತಿ ನಿಮಗ?" ಸ್ಟಾಫ್ ರೂಮಿನಾಗೂ ಅದ, ಸಂತ್ಯಾಗೂ ಅದ, ಬೀಗರ ಮನ್ಯಾಗೂ ಅದ. ಇದಕ್ಕ ನಾಲ್ಕು ಮಾತು ಬರೀಬೇಕು ಅಂತ ಭಾಳ ದಿವಸದಿಂದ ಇತ್ತು, ಈಗ ಪೇಪರ್ ವ್ಯಾಲ್ಯುಯೇಷನ್ ಮುಗದೈತಿ, ಬರದೇಬಿಡೋಣ ಅಂತ ಕುಂತೀನಿ.

ಟೈಮ್ ಸಿಗಂಗಿಲ್ರೀ. ಯಾರಾದ್ರೂ ಕೊಟ್ರ ಇರತೈತಿ, ಇಲ್ಲಾಂದ್ರ ಇಲ್ಲ. ನಾನು ಭಾನುವಾರ ಮಾಳಿಗಿ ಮ್ಯಾಲೆ ಸೂಜಿ ಹಿಡಕೊಂಡು ಕುಂತೀನಿ ಅಂದ್ರ ಕೆಳಗ ನಮ್ಮ ಅತ್ತ್ಯಾರು ಮೊಣಕಾಲು ನೋವು ಇಟಗೊಂಡು ಪಲ್ಯ ಹೆಚ್ಚತಿರತಾರ, ನಮ್ಮ ಮನಿಯವ್ರು ರೊಟ್ಟಿ ತರಾಕ ಹೋಗಿರತಾರ (ಓಣ್ಯಾಗ ರೊಟ್ಟಿ ಮಾಡಿ ಮಾರೋ ಹೆಣ್ಮಕ್ಕಳು ಅದಾರ, ಅವ್ರಿಲ್ಲಾಂದ್ರ ನನ್ನ ಹವ್ಯಾಸ ಎಂದೋ ಮೂಲಿಗೆ ಬೀಳತಿತ್ತು), ಮಗಳು ತಮ್ಮಗ ಹೋಂವರ್ಕ್ ಮಾಡಸತಿರತಾಳ. ಇಷ್ಟು ಮಂದಿ ಕೈ ಅದರ ಹಿಂದ ಇದ್ದಾಗ "ಟೀಚರ್ ಎಲ್ಲಾ ಬ್ಯಾಲೆನ್ಸ್ ಮಾಡ್ತಾರ" ಅಂತ ನನ್ನೊಬ್ಬಾಕಿ ಫೋಟೋ ಹಾಕಿದ್ರ ಅದು ಖರೇ ಆಗತೈತೇನ್ರೀ? ಮತ್ತ ಮುಂಗಾರು ಶುರುವಾತಂದ್ರ ನಮ್ಮ ಮನಿಯವ್ರ ಬೀಜ ಗೊಬ್ಬರದ ಅಂಗಡ್ಯಾಗ ಉಸಿರಾಡಾಕ ಪುರಸತ್ತು ಇರಂಗಿಲ್ಲ, ಆವಾಗ ನನ್ನ ಕೌದಿ ಟ್ರಂಕಿನ್ಯಾಗ, ಕ್ಲಾಸ್ ಬಂದ್. ಯಾವ ಟೈಮ್ ಟೇಬಲ್ಲೂ ಕೆಲಸಕ್ಕ ಬರಂಗಿಲ್ಲ.

ಸಾಲಿ ಕೆಲಸ ಅಂದ್ರೂ ಹತ್ತರಿಂದ ನಾಲ್ಕೂವರಿ ಅಂತ ತಿಳಕೊಂಡವ್ರು ಭಾಳ ಮಂದಿ ಅದಾರ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ ಮ್ಯಾಲೆ ಬ್ಯಾಸಗಿ ರಜಾ ಅನ್ನೋದು ಹೆಸರಿಗೆ ಉಳದೈತಿ, ರಿಸಲ್ಟ್‌ನಾಗ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆ ಕೆಳಗ ಅಂತ ಬೈಸಿಕೊಳ್ಳೋದು ನಾವು, ಸಂಜಿ ಸ್ಪೆಷಲ್ ಕ್ಲಾಸ್ ತಗೊಳ್ಳೋದು ನಾವು. 2025ರ ದಸರಾದಾಗಂತೂ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂತು, ಸೆಪ್ಟೆಂಬರ್ 22ಕ್ಕ ಶುರುವಾಗಿದ್ದು ಅಕ್ಟೋಬರ್ ನಡುವಿನ ತನಕ ಎಳೀತು, 60 ಪ್ರಶ್ನೆ, ನೆಟ್‌ವರ್ಕ್ ಇಲ್ಲ, ಓಟಿಪಿ ಬರಂಗಿಲ್ಲ, ಬಿಸಲಾಗ ಮನಿ ಮನಿ ಅಡ್ಡಾಡಿ ಕಾಲು ಬಾತಿದ್ವು.

ಆದ್ರ ಆ ಅಡ್ಡಾಟದಾಗ ಒಂದು ಛಲೋ ಆತು. ಕುಂದ್ರಾಕ ಅಂತ ಎಲ್ಲಾರೂ ಕೌದಿ ಹಾಸತಿದ್ರು. ಒಂದೊಂದು ಮನ್ಯಾಗ ಒಂದೊಂದು ನಮೂನಿ, ಕೆಲವು ಬರೇ ಉದ್ದುದ್ದ ಪಟ್ಟಿ, ಕೆಲವು ತ್ರಿಕೋನ ಜೋಡಿಸಿದ್ದು, ಒಂದರಾಗಂತೂ ನಡುಬರಾಬರ ಇಳಕಲ್ ಸೀರಿ ಸೆರಗು ಹಂಗ ಇಟ್ಟು ಸುತ್ತ ದೋತರದ ತುಣುಕು ಕೂಡಿಸಿದ್ರು, ಕೆಂಪು ಬಿಳಿ ಎರಡ ಬಣ್ಣ, ಕಣ್ಣು ಕೀಳಾಕ ಮನಸು ಬರಲಿಲ್ಲ. ಯಾರು ಹೊಲದಿದ್ದು ಅಂದ್ರ "ನಾನ ರೀ" ಅನ್ನೋರು. ಅದ ಹೆಣ್ಮಗಳಿಗೆ ಮುಂದ ಉದ್ಯೋಗ ಏನು ಅಂತ ಕೇಳಿದ್ರ "ಏನಿಲ್ರಿ, ಮನ್ಯಾಗ ಇರತೀನಿ". ಕೂಲಿಗೆ ಕೌದಿ ಹೊಲಿದುಕೊಡೋ ಮುದುಕಿನೂ ಅದನ್ನ ಹೇಳಿದ್ಲು. ನಾನು ಮೊಬೈಲಿನಾಗ ಬೆರಳು ಇಟಗೊಂಡು ಏನು ಒತ್ತಬೇಕು ಅಂತ ನೋಡಕೋತ ಕುಂತೆ.

ಈ ಹವ್ಯಾಸ ಅನ್ನೋ ಲೆಕ್ಕನ ಕೌದಿಗೆ ಕೂಡಂಗಿಲ್ಲ ಅಂತ ನನಗ ಅನಸತೈತಿ. ಹವ್ಯಾಸ ಅಂದ್ರ ಒಬ್ಬರ ಕುಂತು ಮಾಡೋದು. ಕೌದಿ ಹಂಗಲ್ರೀ. ಕೆಳಗ ಹಾಸಾಕ ಒಂದು ಇಡೀ ಸೀರಿ, ನಡುವ ಹಳೇ ಪಳೇ ಅರಿವಿ, ಮ್ಯಾಲೆ ಚಂದನ್ನ ತುಣುಕು, ಇದನ್ನೆಲ್ಲಾ ಸುಕ್ಕು ಇಲ್ದಂಗ ಹಾಸಾಕ ನಾಲ್ಕು ಮೂಲಿಗೆ ನಾಲ್ಕು ಮಂದಿ ಬೇಕು. ದೊಡ್ಡ ದೊಡ್ಡ ಟಾಕಿ (ಹೊಲಿಗಿ) ಹಾಕಿ ಮೊದಲ ಕಚ್ಚಾ ಹಿಡೀಬೇಕು, ಆಮ್ಯಾಲೆ ಅಂಚಿನಿಂದ ಸುತ್ತು ಹಾಕ್ಕೋತ ಹಾಕ್ಕೋತ ನಡುವಿಗೆ ಬರಬೇಕು, ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳು ಅಂತರ. ನಾಲ್ಕೂ ಕಡೆ ಒಬ್ಬೊಬ್ಬರು ಕುಂತ್ರ ಮಾತಾಡಕೋತ ಸರಸರ ಹೋಗತೈತಿ. ಮುಗದ ಮ್ಯಾಲೆ ಬೆಳಕಿಗೆ ಹಿಡದು ನೋಡಿದ್ರ ಯಾರ ಟಾಕಿ ಯಾವುದು ಅಂತ ಹೇಳಬಹುದು. ನಮ್ಮ ಅತ್ತ್ಯಾರದು ಜೋಳದ ಕಾಳಿನಂಗ ಸಣ್ಣಗ ಒಂದ ಅಳತಿ, ನನ್ನವು ಪೇಪರ್ ತಿದ್ದೋ ಅವಸರದಾಗ ಹಾಕಿದಂಗ ಒಂದು ಉದ್ದ ಒಂದು ಗಿಡ್ಡ, ಬಾಜೂ ಮನಿ ಅಕ್ಕಂದು ಮಾತಿನ್ಯಾಗ ಮೈಮರತಲ್ಲಿ ಓರಿ ಆಗಿರತಾವು. ಇಂಥದನ್ನ ರಾತ್ರಿ ಹತ್ತರ ಮ್ಯಾಲೆ ಎಲ್ಲಾರೂ ಮಲಗಿದ ಮ್ಯಾಲೆ ಟ್ಯೂಬ್‌ಲೈಟ್ ಕೆಳಗ ಒಬ್ಬಾಕೀನ ಹೊಲಿ ಅಂದ್ರ ಎರಡು ವಾರಕ್ಕ ಬ್ಯಾಸರ ಬರತೈತಿ, ಕಣ್ಣೂ ಹೋಗತಾವು ಬೆನ್ನೂ ಹೋಗತೈತಿ. ಆಮ್ಯಾಲೆ "ನನಗ ಟೈಮ್ ಮ್ಯಾನೇಜ್ ಮಾಡಾಕ ಬರಂಗಿಲ್ಲ" ಅಂತ ಆ ಹೆಣ್ಮಗಳು ತನ್ನನ್ನ ತಾನ ಬೈಕೋತಾಳ.

ನಮ್ಮ ಕೊಪ್ಪಳದ ಗವಿಮಠದ ಜಾತ್ರಿ ನೋಡ್ರಿ. ಮಹಾದಾಸೋಹಕ್ಕ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರತಾವಲ್ಲ, ಅವನ್ನ ಬಡಿಯೋರು ಯಾರು? ಮನಿ, ಹೊಲ, ಮಕ್ಕಳು ಎಲ್ಲಾ ಇದ್ದ ಹೆಣ್ಮಕ್ಕಳ. ಒಂದ ಕಡೆ ಕೂಡತಾರ, ಒಲಿ ಹೂಡತಾರ, ಹಾಡು ಹೇಳಕೋತ ಬಡದ ಬಡೀತಾರ. ಅವ್ರಿಗೆ ಯಾರೂ ಟೈಮ್ ಹೆಂಗ ಹೊಂದಸ್ತೀರಿ ಅಂತ ಕೇಳಂಗಿಲ್ಲ, ಯಾಕಂದ್ರ ಅದು ಊರ ಕೆಲಸ ಅಂತ ಎಲ್ಲಾರಿಗೂ ಗೊತ್ತೈತಿ, ಜಾಗಾನೂ ಊರ ಕೊಡತೈತಿ. ಕೌದಿಗೂ ಹಿಂದ ಗುಡಿ ಕಟ್ಟಿ, ಬೇವಿನ ನೆರಳು ಇತ್ತು. ಈಗ ಬೇವಿನ ಗಿಡದ ಕೆಳಗ ಬೈಕ್ ನಿಂತಾವು, ಕಟ್ಟಿ ಮ್ಯಾಲೆ ಗಂಡಸರು ಮೊಬೈಲ್ ಹಿಡಕೊಂಡು ಕುಂತಾರ.

ಸಂಡೂರಿನ ಲಂಬಾಣಿ ಕಸೂತಿ ಮಾತು ಎಲ್ಲಾರೂ ಆಡತಾರ, ಆಡಬೇಕಾದ್ದ. ಜಿಐ ಟ್ಯಾಗ್ ಸಿಕ್ಕೈತಿ. 2023ರ ಜುಲೈದಾಗ ಹಂಪ್ಯಾಗ ಜಿ20 ಸಭೆ ಆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಮಾಡಿದ 1755 ಸಾಮಾನು ಪ್ರದರ್ಶನಕ್ಕ ಇಟ್ಟು ಗಿನ್ನೆಸ್ ದಾಖಲಿ ಆತು. ಆದ್ರ ಅದರ ಹಿಂದ ಸಂಡೂರು ಕುಶಲ ಕಲಾ ಕೇಂದ್ರ ಅಂತ ಒಂದು ಸಂಸ್ಥೆ ಐತಿ. ಕೂಡಾಕ ಜಾಗ ಐತಿ, ಹೊಲಿದಿದ್ದಕ್ಕ ಕೂಲಿ ಐತಿ, ಮಾರಾಕ ದಾರಿ ಐತಿ. ಆ ಹೆಣ್ಮಕ್ಕಳಿಗೇನು ಮನಿ ಮಕ್ಕಳು ಇರಲಿಲ್ಲೇನು? ಅವ್ರು ನಾಲ್ಕಕ್ಕ ಎದ್ದಿದ್ದಕ್ಕ ಇಷ್ಟಾತು ಅಂತ ಯಾರಾದ್ರೂ ಬರದ್ರ ನನಗ ಸಿಟ್ಟು ಬರತೈತಿ.

ಸಾಲ್ಯಾಗ ನಾನು ಮಾಡಿದ್ದು ಸಣ್ಣದು. ತಿಂಗಳಿಗೊಮ್ಮೆ ಬ್ಯಾಗ್ ಇಲ್ದ ಶನಿವಾರ ಬರತೈತಲ್ಲ, ಸಂಭ್ರಮ ಶನಿವಾರ, ಅವತ್ತು ಎಂಟನೇ ಕ್ಲಾಸಿನವ್ರಿಗೆ ಸೂಜಿ ದಾರ ತರ್ರಿ ಅಂದೆ. ಆರು ಇಂಚಿನ ಚೌಕ ಕತ್ತರಿಸ್ರಿ, ನಾಲ್ಕೂ ಕಡೆ ಕಾಲಿಂಚು ಒಳಗ ಮಡಚ್ರಿ, ಈಗ ಎಷ್ಟಾತು? ಐದೂವರಿ. ವಿಸ್ತೀರ್ಣ 36 ಇದ್ದಿದ್ದು 30.25ಕ್ಕ ಇಳೀತು. "ಅಕ್ಕೋರ, ಬರೇ ಕಾಲಿಂಚಿಗೆ ಇಷ್ಟು ಹೋಗತೈತಾ?" ಅಂತ ಹುಡುಗ್ರು ಕಣ್ಣು ಬಿಟ್ರು. ಬೋರ್ಡ್ ಮ್ಯಾಲೆ ವರ್ಷಗಟ್ಟಲೆ ಹೇಳಿದ್ರೂ ತಲಿಗೆ ಹೋಗಲಾರದ್ದು ಚಿಂದಿ ಕೈಯಾಗ ಹಿಡದಾಗ ಹೋತು. ಚೌಕನ್ನ ಕರ್ಣದ ಗುಂಟ ಕತ್ತರಿಸಿ ತ್ರಿಕೋನ ಮಾಡಿದ್ರ ಆ ಓರೆ ಅಂಚು ಎಳದಂಗ ಎಳದಂಗ ಹಿಗ್ಗತೈತಿ, ಅದನ್ನ ಮೊದಲ ಹೊಲಿಬೇಕು, ಇದನ್ನ ನಾನು ಹೇಳೋಕ್ಕಿಂತ ಮೊದಲ ಒಬ್ಬ ಹುಡುಗ ಕಂಡುಹಿಡದ. ಗಂಡು ಹುಡುಗ್ರು ಮೊದಲ ಕಿಸಕ್ ಅಂತ ನಕ್ಕಿದ್ರು, ಈಗ ಟಾಕಿ ಯಾರದು ಸಣ್ಣದು ಅಂತ ಪಂಥ ಕಟ್ಟತಾರ. ನಾವು ಕಲಿಯೋವಾಗ ನಮ್ಮ ಸಾಲ್ಯಾಗ ಹೊಲಿಗಿ ಟೀಚರ್ ಅಂತ ಬ್ಯಾರೇನ ಇದ್ರು, ಈಗ ನಮ್ಮಲ್ಲಿ ಅವ್ರಿಲ್ಲ.

ಮನಿ ಕ್ಲಾಸಿಗೆ ಬರೋರೆಲ್ಲಾ ನನಗಿಂತ ಬಿಜಿ ಇದ್ದವ್ರ. ಶಕ್ತಿ ಯೋಜನಿ ಬಂದ ಮ್ಯಾಲೆ ಅಕ್ಕಪಕ್ಕದ ಹಳ್ಳಿಯಿಂದ ಬಸ್ ಹತ್ತಿ ಬರತಾರ, ಟಿಕೆಟ್ ಚಿಂತಿ ಇಲ್ಲ, ಆದ್ರ ಮಧ್ಯಾಹ್ನದ ಬಸ್ ತಪ್ಪಿದ್ರ ಮನ್ಯಾಗ ಬೈಗಳ ಖಾತ್ರಿ, ಅದಕ್ಕ ಒಂದು ಕಣ್ಣು ಸೂಜಿ ಮ್ಯಾಲೆ ಒಂದು ಕಣ್ಣು ಗಡಿಯಾರದ ಮ್ಯಾಲೆ. ಒಬ್ಬಾಕಿ ತನ್ನ ಕೂಸನ್ನ ಕರಕೊಂಡು ಬರತಾಳ, ಅದು ದಾರದ ಉಂಡಿ ಹಿಡಕೊಂಡು ಮಾಳಿಗಿ ತುಂಬ ಓಡತೈತಿ, ಸುತ್ತೋದ ಒಬ್ಬರ ಕೆಲಸ. ಮಾರ್ಚ್ ಬಂತಂದ್ರ ಒಂಬತ್ತಕ್ಕ ಮಾಳಿಗಿ ಕಾಯತೈತಿ, ಕೆಳಗ ನಮ್ಮ ಪಡಸಾಲ್ಯಾಗ ನಾಲ್ಕು ಮಂದಿ ಕುಂತ್ರ ಐದನೆಯವ್ರು ಅಡಗಿ ಮನ್ಯಾಗ. ಹಿಂಗಾಗಿ ಬ್ಯಾಸಗ್ಯಾಗ ಕ್ಲಾಸ್ ಇಲ್ಲ, ಮುಂಗಾರಿನಾಗ ಇಲ್ಲ. ಉಳಿಯೋದು ಎಷ್ಟು ಅಂತ ನೀವ ಲೆಕ್ಕ ಹಾಕ್ರಿ.

ಅರಿವಿದೂ ಒಂದು ತಾಪತ್ರಯ ಐತಿ, ಇದನ್ನ ಯಾರೂ ಬರಿಯಂಗಿಲ್ಲ. ಒಬ್ಬರು ಹೊದ್ದಕೊಳ್ಳೋ ಕೌದಿಗೆ ನಾಲ್ಕೈದು ಹಳೇ ಕಾಟನ್ ಸೀರಿ ಬೇಕು. ಈಗ ಯಾರ ಮನ್ಯಾಗ ಅದಾವು ಕಾಟನ್ ಸೀರಿ? ಎಲ್ಲಾ ಪಾಲಿಸ್ಟರ್, ಸೂಜಿ ಕೆಳಗ ಜಾರತಾವು, ಬೆವರು ಹೀರಂಗಿಲ್ಲ, ಬ್ಯಾಸಗ್ಯಾಗ ಹೊದ್ದರ ಮೈ ಉರಿ. ಖರೇ ಹೇಳಬೇಕಂದ್ರ ಇವತ್ತು ಛಲೋ ಕಾಟನ್ ಸಿಗೋದು ಹಳೇ ನೈಟಿಯೊಳಗ, ನಗಬ್ಯಾಡ್ರಿ, ನಮ್ಮ ಕ್ಲಾಸಿನ ಅರ್ಧ ಕೌದಿ ನೈಟಿದಾವ. ಬಳ್ಳಾರ್ಯಾಗ ಇರೋ ನಮ್ಮ ತಂಗಿ ಜೀನ್ಸ್ ಕಾರ್ಖಾನಿ ಕಡೆಯಿಂದ ಕಟಿಂಗ್ ತುಣುಕು ಒಂದು ಚೀಲ ಕಳಸಿದ್ಲು, ಬಣ್ಣ ಭಾಳ ಚಂದ, ಆದ್ರ ಮೂರು ಪದರು ಕೂಡಿಸಿದ್ರ ಸೂಜಿ ಮುರೀತಾವು. ಅದನ್ನ ಬರೇ ಅಂಚಿಗೆ ಇಟ್ಟೀವಿ. ನಡುವಿನ ಅರಿವಿ ಹೆಚ್ಚಾದ್ರ ಇನ್ನೊಂದು ಫಜೀತಿ, ಮಾನೌಮಿ (ಮಹಾನವಮಿ) ಮುಂದ ಒಗಿಯಾಕ ಒಯ್ದಾಗ ಹಸಿ ಕೌದಿ ಇಬ್ಬರು ಹಿಡದು ಹಿಂಡಿದ್ರೂ ಏಳಂಗಿಲ್ಲ. ಹೊಸದಾಗಿ ಕಲಿಯೋರು ಬೆಚ್ಚಗಿರಲಿ ಅಂತ ತುಂಬತಾರ, ಒಗಿಯೋರು ಯಾರು ಅಂತ ವಿಚಾರ ಮಾಡಂಗಿಲ್ಲ. ಬಾಣಂತಿ ಮನಿಗೆ ಕೂಸಿನ ಕೌದಿ ಅಂದ್ರ ಮಾತ್ರ ಎರಡ ಪದರು, ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಸೀರಿ, ಗಂಟು ಒಂದೂ ಮ್ಯಾಲೆ ಬರಬಾರದು, ಕೂಸಿನ ಮೈಗೆ ಒತ್ತತೈತಿ.

ಸ್ಟೇಟಸ್‌ನಾಗ ಫೋಟೋ ಹಾಕಿದ್ರ ಸಾಕು, "ನಮಗೊಂದು ಹೊಲಿದುಕೊಡ್ರಿ" ಅಂತ ಮೆಸೇಜ್. ನಾನು ಮಾರಂಗಿಲ್ಲ, ನಮ್ಮೂರಾಗ ಕೂಲಿಗೆ ಹೊಲಿಯೋ ಅಜ್ಜಿ ನಂಬರ್ ಕೊಡತೀನಿ. ಆಕಿ ರೇಟು ಕೇಳಿ ಮಂದಿ ಮುಖ ಸಣ್ಣ ಮಾಡತಾರ, ಚಿಂದಿ ನಮ್ದು ದಾರ ನಮ್ದು ಇಷ್ಟ್ಯಾಕ ಕೂಲಿ ಅಂತಾರ. ಅವ್ರ ಸಂತ್ಯಾಗ ಮೆತ್ತನ್ನ ಮಿಂಕ್ ಬ್ಲಾಂಕೆಟ್‌ಗೆ ಚೌಕಾಶಿ ಮಾಡಲಾರದ ರೊಕ್ಕ ಕೊಟ್ಟು ಬರತಾರ. ದಿನಗಟ್ಟಲೆ ಬೆನ್ನು ಬಗ್ಗಿಸಿ ಕುಂತಿದ್ದಕ್ಕ ಬೆಲಿ ಇಲ್ಲೇನ್ರೀ? ನಿಮ್ಮ ಪೇಪರಿನವ್ರೂ ದಯವಿಟ್ಟು "ಹಳೇ ಬಟ್ಟೆಯಿಂದ ಖರ್ಚಿಲ್ಲದೆ ಕೌದಿ" ಅಂತ ಹೆಡ್ಡಿಂಗ್ ಕೊಡೋದು ಬಿಡ್ರಿ. ಅರಿವಿ ಪುಕ್ಕಟೆ ಇರಬಹುದು, ಕೈ ಪುಕ್ಕಟೆ ಅಲ್ಲ.

ನಮ್ಮ ಅತ್ತ್ಯಾರು ಮೊದಲಿಗೆ ನನಗ "ಯವ್ವಾ, ಪಗಾರ ಬರತೈತಿ, ಒಂದು ಸೊಲ್ಲಾಪುರ ಚಾದರ ತಗೊಂಡು ಬಾ, ಚಿಂದಿ ಯಾಕ ಹರವಿಕೊಂಡು ಕುಂದರತಿ" ಅಂತಿದ್ರು. ಈಗ ಕ್ಲಾಸಿನ ದಿನ ಒಮ್ಮೊಮ್ಮೆ ಅವರ ಮೊದಲ ಮಾಳಿಗಿ ಏರತಾರ, ಮೊಣಕಾಲು ನೋವು ಅವತ್ತು ಎಲ್ಲಿ ಹೋಗತೈತೋ. ನನಗಿಂತ ಛಲೋ ಕಲಿಸ್ತಾರ, ಬೈತಾರ ಮಾತ್ರ ಭಾಳ. ಪಲ್ಯ ಹೆಚ್ಚೋದು ಆವಾಗ ನಮ್ಮ ಮನಿಯವ್ರಿಗೆ ಬಂದೈತಿ, ಬದನಿಕಾಯಿ ಒಂದೊಂದು ಹೋಳು ಒಂದೊಂದು ಸೈಜ್.

ನನ್ನ ಬೇಡಿಕಿ ದೊಡ್ಡದೇನಲ್ಲ. ಪಂಚಾಯ್ತಿಗಳ ಗ್ರಂಥಾಲಯಕ್ಕ ಅರಿವು ಕೇಂದ್ರ ಅಂತ ಹೆಸರಿಟ್ಟಾರ, ಕೂಲಿಗೆ ಹೋಗೋ ತಾಯಂದ್ರ ಮಕ್ಕಳಿಗೆ ಕೂಸಿನ ಮನಿ ಅಂತ ಮಾಡ್ಯಾರ, ಎರಡೂ ಛಲೋ ಕೆಲಸ. ಹಂಗ ವಾರಕ್ಕೊಂದು ಹೊತ್ತು ಹೆಣ್ಮಕ್ಕಳು ಕುಂತು ಹೊಲ್ಯಾಕ ಒಂದು ನೆರಳಿರೋ ಖೋಲಿ, ಒಂದು ಫ್ಯಾನ್, ಕುಡಿಯೋ ನೀರು ಕೊಟ್ರ ಸಾಕು. ಹೊಸ ಬಿಲ್ಡಿಂಗ್ ಬ್ಯಾಡ, ಉದ್ಘಾಟನಾನೂ ಬ್ಯಾಡ. ಸಾಲಿ ಖೋಲಿಗಳು ಭಾನುವಾರ ಕೀಲಿ ಹಾಕ್ಕೊಂಡ ಇರತಾವು, ಸಾಲಿ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಯವ್ರು ಒಂದು ಠರಾವು ಮಾಡಿದ್ರ ನಾನ ಮುಂದ ನಿಂತು ಕೀಲಿ ತಗೀತೀನಿ, ಕಸಾ ಹೊಡದು ಮತ್ತ ಹಾಕತೀನಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಯಾವದಾದ್ರೂ ಊರಾಗ ಹಿಂಗ ಜಾಗ ಕೊಟ್ಟಿದ್ರ ಅಲ್ಲಿಯವ್ರು ಇದ ಪತ್ರ ವಿಭಾಗಕ್ಕ ಬರೀರಿ, ಏನು ಅರ್ಜಿ ಕೊಟ್ರಿ, ಯಾರಿಗೆ ಕೊಟ್ರಿ, ಎಷ್ಟು ಸಲ ಅಡ್ಡಾಡಿಸಿದ್ರು ಅದನ್ನೂ ಬರೀರಿ. ಜೂನ್‌ನಾಗ ಸಾಲಿ ಶುರುವಾಗೋದರೊಳಗ ನಾನೂ ಒಂದು ಅರ್ಜಿ ಬರದು ಹೆಡ್‌ಮಾಸ್ತರ್ ಟೇಬಲ್ ಮ್ಯಾಲೆ ಇಡಬೇಕಂತೀನಿ.

— ಒಬ್ಬ ಗಣಿತ ಶಿಕ್ಷಕಿ, ಕೊಪ್ಪಳ