‘ಆಟೋಮ್ಯಾಟಿಕ್’ ಅಂತ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗಾಗಿ ನೀವು ಪ್ರಕಟಿಸಿದ ಲೇಖನ ಓದಿದೆ. ಟೈರು, ಪೇಂಟು, ಕಾಗದಪತ್ರದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆಟೋಮ್ಯಾಟಿಕ್ ಬಗ್ಗೆ ಮಾತ್ರ ‘ಸಿಟಿಗೆ ಒಳ್ಳೆಯದು’ ಅಂತ ಒಂದೇ ಸಾಲಿದೆ. ನಾನು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸದವನು. ಅಷ್ಟೇ ಮಾತು ನಂಬಿ ಕಾರು ತಂದವರು ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ಒಬ್ಬರು ಹಿರಿಯರು ಬಂದಿದ್ದರು. ಎಡ ಮೊಣಕಾಲು ನೋವು. ಕ್ಲಚ್ ತುಳಿಯಲು ಆಗುವುದಿಲ್ಲ ಅಂತಲೇ ಹಳೆಯ ಸಣ್ಣ ಆಟೋಮ್ಯಾಟಿಕ್ ಕಾರು ಕೊಂಡಿದ್ದರು. ಅವರು ನಿಲ್ಲಿಸುವ ಜಾಗ ಬೇಸ್‌ಮೆಂಟ್. ದಿನಾ ಕಡಿದಾದ ರ‍್ಯಾಂಪ್ ಹತ್ತಿಸಬೇಕು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ರಿವೆಟ್ ಕಾಣುವಷ್ಟು ಸವೆದಿತ್ತು. ಆ ಪ್ಲೇಟು ಒತ್ತಿಕೊಳ್ಳುವ ಇಂಜಿನ್ನಿನ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಕಾದು ಕಾದು ನೀಲಿ ಕಲೆ. ‘ಆಟೋಮ್ಯಾಟಿಕ್‌ಗೂ ಕ್ಲಚ್ ಪ್ಲೇಟ್ ಇರುತ್ತಾ?’ ಅಂತ ಅವರು ಕೇಳಿದರು. ಮಾರಿದವರು ಅದನ್ನು ಹೇಳಿಯೇ ಇರಲಿಲ್ಲ.

ಅದು ಎಎಂಟಿ ಕಾರು, ಅಂದರೆ ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್. ಕಡಿಮೆ ಬೆಲೆಯ ಸಣ್ಣ ಆಟೋಮ್ಯಾಟಿಕ್‌ಗಳಲ್ಲಿ ಇದು ಜಾಸ್ತಿ ಸಿಗುತ್ತದೆ. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ನಿಮ್ಮ ಕೈಕಾಲಿನ ಬದಲು ಕಂಪ್ಯೂಟರ್ ಹೇಳಿದಂತೆ ಆಕ್ಚುಯೇಟರ್ ಅನ್ನುವ ಸಾಧನ ಕ್ಲಚ್ ಒತ್ತಿ ಗೇರ್ ಬದಲಿಸುತ್ತದೆ, ಅಷ್ಟೇ. ಮೈಲೇಜ್ ಚೆನ್ನಾಗಿ ಕೊಡುತ್ತದೆ, ರಿಪೇರಿಯೂ ಸುಲಭ. ಆದರೆ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೆಯೇ ಕಾರು ನಿಲ್ಲಿಸಿಕೊಂಡರೆ ಪ್ಲೇಟು ಸುಡುತ್ತದೆ. ಹೊಸ ಪ್ಲೇಟು ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿ ಕಂಪ್ಯೂಟರಿಗೆ ಅದರ ಹಿಡಿತ ಕಲಿಸಬೇಕು. ಅದನ್ನು ಬಿಟ್ಟರೆ ಕಾರು ಎಳೆಯುತ್ತಾ ಎಗರುತ್ತಾ ಹೋಗುತ್ತದೆ.

ಸಿವಿಟಿ (ಕಂಟಿನ್ಯೂಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್) ಬೇರೆ ಜಾತಿ. ಒಂದು, ಎರಡು ಅನ್ನುವ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. 1958ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ ರಬ್ಬರ್ ಬೆಲ್ಟಿನ ಕಾರು ತಂದಿತ್ತು. ಈಗಿನವುಗಳಲ್ಲಿ ಸ್ಟೀಲ್ ಬೆಲ್ಟು ಇಲ್ಲವೇ ಚೈನು ಇರುತ್ತದೆ. ಜರ್ಕ್ ಅನ್ನುವುದೇ ಇಲ್ಲ, ಟ್ರಾಫಿಕ್ಕಿನಲ್ಲಿ ತುಂಬಾ ಹಾಯಾಗಿರುತ್ತದೆ. ಅದರ ಜೀವ ಇರುವುದು ಆಯಿಲ್‌ನಲ್ಲಿ. ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಿದ್ದರೆ, ಅಥವಾ ಬದಲಿಸಿಯೇ ಇಲ್ಲದಿದ್ದರೆ ಬೆಲ್ಟು ಜಾರಿ ಪುಲ್ಲಿಯನ್ನು ಗೀರುತ್ತದೆ. ಆಮೇಲೆ ರಿಪೇರಿ ಅನ್ನುವುದು ಹೆಸರಿಗಷ್ಟೇ, ಇಡೀ ಬಾಕ್ಸೇ ಬದಲಾಗಬೇಕಾಗಬಹುದು.

ಮೂರನೆಯದು ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ ಸರದಿಯಲ್ಲಿ ಕೆಲಸ ಮಾಡುವ ಗೇರ್‌ಬಾಕ್ಸ್. ಇದರಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರದ ‘ಡ್ರೈ’ ಬಗೆ ನಿಂತು ನಿಂತು ಹೋಗುವ ರಸ್ತೆಯಲ್ಲಿ ಬೇಗ ಬಿಸಿಯಾಗುತ್ತದೆ. ವಾರಂಟಿ ಮುಗಿದ ಇಂಥ ಕಾರನ್ನು ಕೈಯಲ್ಲಿ ಕಡಿಮೆ ದುಡ್ಡಿರುವವರು ಮುಟ್ಟಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ.

ದಿನಾ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಳ್ಳುವವರಿಗೆ ನಾನು ಹೇಳುವುದು ನಾಲ್ಕನೆಯ ಬಗೆ, ಹಳೆಯ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ನಾಲ್ಕೇ ಗೇರ್ ಇದ್ದರೂ ಪರವಾಗಿಲ್ಲ. ಇಂಜಿನ್ನಿನ ಬಲ ಆಯಿಲ್ ಮೂಲಕವೇ ದಾಟುವುದರಿಂದ ತೆವಳುವಾಗ ಸವೆಯಲು ಅಲ್ಲಿ ಕ್ಲಚ್ ಪ್ಲೇಟಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ನಿಜ. ಆ ಖರ್ಚು ತಿಂಗಳು ತಿಂಗಳು ಗೊತ್ತಿರುವ ಖರ್ಚು. ಒಂದೇ ಸಲ ಗೇರ್‌ಬಾಕ್ಸಿಗೆ ಸುರಿಯುವುದಕ್ಕಿಂತ ಎಷ್ಟೋ ಮೇಲು ಅಲ್ವಾ?

ಕಾರು ನೋಡಲು ಹೋಗುವಾಗ, ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಮಾಲೀಕರಿಗೆ ಮೊದಲೇ ಹೇಳಿ. ಬಿಸಿಯಾದ ಗೇರ್‌ಬಾಕ್ಸ್ ಕೆಲವು ರೋಗ ಮುಚ್ಚಿಡುತ್ತದೆ. ಬ್ರೇಕ್ ಒತ್ತಿ ಹಿಡಿದು ಡ್ರೈವ್‌ಗೆ, ಆಮೇಲೆ ರಿವರ್ಸ್‌ಗೆ ಹಾಕಿ. ಗೇರ್ ತಡವಾಗಿ ಕಚ್ಚಿದರೆ, ‘ಧಡ್’ ಅಂತ ಹೊಡೆದರೆ ಅನುಮಾನ ಪಡಿ. ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಒಂದು ಹನಿ ಆಯಿಲನ್ನು ಬಿಳಿ ಕಾಗದದ ಮೇಲೆ ಬಿಡಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ವಾಪಸ್ ಬನ್ನಿ. ಎಷ್ಟೋ ಕಾರುಗಳಲ್ಲಿ ಈಗ ಡಿಪ್‌ಸ್ಟಿಕ್ ಕೊಡುವುದಿಲ್ಲ. ಆಗ ಸರ್ವಿಸ್ ಬಿಲ್ಲೇ ಆಧಾರ. ‘ಇದು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ಟೆಸ್ಟ್ ಡ್ರೈವ್‌ಗೆ ಖಾಲಿ ರಸ್ತೆ ಬೇಡ. ಜನ ಓಡಾಡುವ ರಸ್ತೆ, ಒಂದು ಏರು, ಎರಡೂ ಬೇಕು. ನಡಿಗೆಯ ವೇಗದಲ್ಲಿ ಹೋಗುವಾಗ ಕಾರು ನಡುಗಿದರೆ ಬಿಟ್ಟುಬಿಡಿ.

ಇನ್ನು ‘ಕಡಿಮೆ ಓಡಿದೆ’ ಅನ್ನುವ ಮಾತು. ಪೂರ್ತಿ ಜಾಮಿನಲ್ಲೇ ಓಡಿದ ಕಾರಿನ ಮೀಟರ್ ಕಡಿಮೆ ತೋರಿಸುತ್ತದೆ, ಕ್ಲಚ್ ಮಾತ್ರ ಮುದಿಯಾಗಿರುತ್ತದೆ. ಹೈವೇಯಲ್ಲಿ ಅದರ ಎರಡರಷ್ಟು ಓಡಿದ ಕಾರೇ ಎಷ್ಟೋ ಸಲ ಗಟ್ಟಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹಳೆ ಕಾರಿನ ಜಾಹೀರಾತು ತೆಗೆದುಕೊಳ್ಳುವಾಗ ‘ಆಟೋಮ್ಯಾಟಿಕ್’ ಅನ್ನುವುದರ ಪಕ್ಕದಲ್ಲಿ ಅದು ಎಎಂಟಿಯೋ, ಸಿವಿಟಿಯೋ, ಟಾರ್ಕ್ ಕನ್ವರ್ಟರೋ, ಡ್ಯುಯಲ್ ಕ್ಲಚ್ಚೋ ಅಂತಲೂ ಬರೆಸಿ. ಗೇರ್‌ಬಾಕ್ಸ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು ಅನ್ನುವುದನ್ನೂ ಕೇಳಿ ಹಾಕಿ. ಮಾರುವವರಿಗೆ ಇದು ಅರ್ಧ ಸಾಲಿನ ಕೆಲಸ.

ಇಂತಿ ನಿಮ್ಮ ಓದುಗ,
ಒಬ್ಬ ಗೇರ್‌ಬಾಕ್ಸ್ ಮೆಕ್ಯಾನಿಕ್