ಮಗಳಿಗೊಂದು ಪತ್ರ: ಜೋಡಿ ಗೂಡು ಆರಿಸಿದ ರಾತ್ರಿಗಳು

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. "ಆಫೀಸಿನಲ್ಲಿ ಎಲ್ಲರೂ ಬಿಲ್ಲನ್ನು ಒಂದು ಸಲ ನೋಡಿ ಕಳಿಸ್ತಾರೆ. ನಾನು ಎರಡನೇ ಸಲವೂ ತಾಳೆ ನೋಡ್ತೀನಿ. ಯಾರು ಕೇಳ್ತಾರಪ್ಪಾ?" ಅಂದೆ. ಆಗ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವಾಗ ಹೊಳೆಯಿತು.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ ನಾನು ರೇಷ್ಮೆ ಗೂಡು ಆರಿಸಲು ಶುರು ಮಾಡಿದೆ. ಮಾರ್ಕೆಟ್ಟಿಗೆ ಹೋಗುವ ಹಿಂದಿನ ರಾತ್ರಿ ಜೋಡಿ ಗೂಡು, ಕಲೆ ಬಿದ್ದ ಗೂಡು, ತೆಳು ಗೂಡು ಎಲ್ಲ ಬೇರೆ ಹಾಕುತ್ತಿದ್ದೆ. ಜೋಡಿ ಗೂಡನ್ನು ಎರಡು ಹುಳು ಸೇರಿ ಸುತ್ತಿರುತ್ತವೆ. ಬಿಚ್ಚಲು ಹೋದರೆ ಎಳೆ ಸಿಕ್ಕಾಗಿ ಕಡಿಯುತ್ತದೆ. ಒಳ್ಳೆಯ ಬಿಳಿ ಗೂಡಾದರೆ ಸುಮಾರು 1000 ಮೀಟರ್ ಎಳೆ ಬರುತ್ತದೆ. ಆದರೆ ಆರಿಸಿದರೆ ತೂಕ ಕಮ್ಮಿ, ನಿದ್ದೆಯೂ ಕಮ್ಮಿ. ನಿಮ್ಮಮ್ಮ ಬೈದಳು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಮೊದಲ ನಾಲ್ಕು ಬೆಳೆಗೆ ಎಲ್ಲರಿಗೂ ಸಿಕ್ಕ ರೇಟೇ ನಮಗೂ ಸಿಕ್ಕಿತು. ನನಗೂ ಬೇಜಾರಾಗಿತ್ತು, ಮಗಳೇ.

ಐದನೇ ಬೆಳೆಗೆ, ಗೂಡು ಕೊಂಡು ನೂಲು ತೆಗೆಯುವ ಒಬ್ಬ ರೀಲರ್ ನಮ್ಮ ಗೂಡಿಗೆ ಕೈ ಹಾಕಿ ನೋಡಿ, "ಹೋದ ಸಲ ನಿಮ್ಮ ಗೂಡಿನ ಎಳೆ ಅಷ್ಟಾಗಿ ಕಡಿಯಲಿಲ್ಲ" ಅಂದರು. ಕೆಜಿಗೆ 20 ರೂಪಾಯಿ ಜಾಸ್ತಿ ಕೊಟ್ಟರು. ಆಮೇಲೆ ಅವರೇ ನಮ್ಮನ್ನು ಹುಡುಕಿಕೊಂಡು ಬರತೊಡಗಿದರು.

ಆದರೆ ದುಡ್ಡಿಗಿಂತ ದೊಡ್ಡದು ಇನ್ನೊಂದು ಸಿಕ್ಕಿತು. ಪ್ರತಿ ಬೆಳೆಯಲ್ಲೂ ಕೆಟ್ಟ ಗೂಡು ಕೈಯಲ್ಲಿ ಹಿಡಿದು ನೋಡಿ ನೋಡಿ, ಅದು ಯಾಕೆ ಕೆಟ್ಟಿತು ಅಂತ ತಿಳಿಯಿತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು, ಗೂಡು ಕಟ್ಟಲೆಂದು ಇಡುವ ತಟ್ಟೆಯಾದ ಚಂದ್ರಿಕೆಗೆ ಒತ್ತೊತ್ತಾಗಿ ಬಿಡುತ್ತಿದ್ದೆ. ಜಾಗ ಸಾಲದೆ ಎರಡೆರಡು ಹುಳು ಒಟ್ಟಿಗೆ ಗೂಡು ಕಟ್ಟುತ್ತಿದ್ದವು. ಒಂದರ ಮೂತ್ರ ಇನ್ನೊಂದರ ಗೂಡಿಗೆ ಬಿದ್ದು ಕಲೆಯಾಗುತ್ತಿತ್ತು. ನಾಲ್ಕು ಚಂದ್ರಿಕೆ ಜಾಸ್ತಿ ತಂದು ಬಿಡಿಬಿಡಿಯಾಗಿ ಬಿಟ್ಟೆ. ಈಗ ಆರಿಸಲು ಅರ್ಧ ಗಂಟೆಯೂ ಬೇಡ.

ನೀನೂ ಹಾಗೇ ನೋಡು. ತಪ್ಪು ಯಾವ ಬಿಲ್ಲಿನಲ್ಲಿ, ಯಾವ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಎರಡನೇ ಸಲ ನೋಡುವವಳಿಗೆ ಮಾತ್ರ ಅದು ಕಾಣುವುದು, ಅಲ್ವಾ? ಹಾಗಂತ ಬೇರೆಯವರ ಕೆಲಸ ತಲೆ ಮೇಲೆ ಹೊತ್ತುಕೊಳ್ಳಬೇಡ. ರಾತ್ರಿ ಎಂಟರವರೆಗೆ ಸುಮ್ನೆ ಕೂರುವುದೂ ಬೇಡ. ನಿನ್ನ ಪಾಲಿನದನ್ನು ಇನ್ನೊಂದು ಚೂರು ಚೆನ್ನಾಗಿ ಮಾಡಿದರೆ ಸಾಕು.

ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿವೆ, ಸೊಪ್ಪು ಎಷ್ಟು ಹಾಕಿದರೂ ಸಾಲದು. ಮುಂದಿನ ವಾರ ಹಣ್ಣಾಗುತ್ತವೆ. ರಜೆ ಸಿಕ್ಕರೆ ಬಾ, ಅಮ್ಮ ಕಾಯುತ್ತಿದ್ದಾಳೆ.

ನಿನ್ನ ಅಪ್ಪ